ರೊಮ್ಯಾಂಟಿಕ್ ಟುಟು ಮನೆಯಲ್ಲೇ ಹೊಲಿದವರು ಯಾರಾದ್ರೂ ಇದ್ದೀರಾ? ಐದು ಪದರ ನೆಟ್ಟು ಸೊಂಟದಲ್ಲಿ ಗಂಟಾಗಿ ಕೂತಿದೆ

ಸೂಜಿಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಮಗಳಿಗೆ ಹದಿಮೂರು, ಆರನೇ ವಯಸ್ಸಿಂದ ಬ್ಯಾಲೆ ಕಲೀತಿದ್ದಾಳೆ. ಈ ಸಲ ಅವಳ ಕ್ಲಾಸಿನವರು ‘ಜಿಸೆಲ್’ ಎರಡನೇ ಅಂಕದ ಒಂದು ಭಾಗ ಮಾಡ್ತಿದ್ದಾರೆ. ಇವಳು ವಿಲಿಗಳ ಗುಂಪಿನಲ್ಲಿದ್ದಾಳೆ, ಅಂದ್ರೆ ಮದುವೆಗೆ ಮುಂಚೆ ಸತ್ತ ಹುಡುಗಿಯರ ಆತ್ಮಗಳು. ಅದಕ್ಕೆ ಉದ್ದದ ಬಿಳಿ ಟುಟು, ಅಂದ್ರೆ ಬ್ಯಾಲೆಗೆ ಹಾಕೋ ನೆಟ್ಟಿನ ಲಂಗ, ಬೇಕು. ತಟ್ಟೆ ಥರ ಅಡ್ಡಕ್ಕೆ ನಿಲ್ಲುತ್ತಲ್ಲ, ಅದಲ್ಲ. ಮೀನಖಂಡದವರೆಗೆ ಗಂಟೆ ಆಕಾರದಲ್ಲಿ ಇಳಿಯೋದು.

ಅಮ್ಮ ನನಗೆ ಲಂಗ, ರವಿಕೆ, ಫ್ರಾಕು ಎಲ್ಲ ಕಲಿಸಿದ್ದಾರೆ, ಮಷೀನು ಮನೇಲಿದೆ. ಹಾಗಾಗಿ ನಾನೇ ಹೊಲೀತೀನಿ ಅಂತ ಕೂತೆ. ಐದು ಪದರ ನೆಟ್ಟು, ಒಂದೊಂದೂ ನಾಲ್ಕೂವರೆ ಮೀಟರ್ ಸುತ್ತಳತೆ. ಎಲ್ಲವನ್ನೂ ನೆರಿಗೆ ಹಿಡಿದು ಸೊಂಟದ ಪಟ್ಟಿಗೆ ಸೇರಿಸಿ ಹೊಲಿದೆ. ಎರಡು ಸೂಜಿ ಮುರೀತು. ಸೊಂಟದಲ್ಲಿ ಹೆಬ್ಬೆರಳಷ್ಟು ದಪ್ಪ ಗಂಟು ಬಂತು. ಹಾಕಿಸಿ ನೋಡಿದ್ರೆ ನನ್ನ ಸಣಕಲು ಹುಡುಗಿ ಪೀಪಾಯಿ ಥರ ಕಾಣ್ತಾಳೆ. ಸಾಲದ್ದಕ್ಕೆ ನೆಟ್ಟು ಗಟ್ಟಿ. ಕಾಲೆತ್ತಿದ್ರೆ ಸರಬರ ಸದ್ದು, ತೊಡೆಗೆ ಕೆಂಪು ಗೀರು. ಅವಳು ಏನೂ ಅನ್ನಲಿಲ್ಲ, ಮೆಲ್ಲಗೆ ಬಿಚ್ಚಿ ಮಂಚದ ಮೇಲಿಟ್ಟಳು. ಅದು ನನಗೆ ಇನ್ನೂ ಸಂಕಟ ಆಯ್ತು.

ಅಳತೆ: ಸೊಂಟ 62 ಸೆಂ.ಮೀ., ಹಿಪ್ 78, ಸೊಂಟದಿಂದ ಮೀನಖಂಡದ ನಡುವಿಗೆ 70. ಕಾರ್ಯಕ್ರಮಕ್ಕೆ ಐದು ವಾರ ಇದೆ. ಎಲ್ಲಿ ತಪ್ಪಿದೆ ಹೇಳ್ತೀರಾ?

ಧಾರವಾಡದಾಕಿ:
ಅಕ್ಕಾರ, ನಿಮ್ಮ ಹೊಲಿಗಿ ತಪ್ಪಿಲ್ರಿ. ನೀವು ಲಂಗದ ಲೆಕ್ಕ ಹಿಡದೀರಿ, ಅದೊಂದ ತಪ್ಪು. ಲಂಗ ಸೊಂಟದಿಂದ ಇಳೀತೈತಿ. ಟುಟು ಸೊಂಟದಿಂದ ಇಳಿಯಂಗಿಲ್ಲ, ಅದರ ಕೆಳಗಿಂದ ಇಳೀತೈತಿ.

ನಾ ಪುಣೆದಾಗ ಎಂಟು ವರ್ಷ ಡಾನ್ಸ್ ಡ್ರೆಸ್ ಹೊಲಿಯೋರ ಕಡೆ ಕೆಲಸ ಮಾಡೀನಿ. ಅಲ್ಲಿ ಬ್ಯಾಲೆ ಹುಡಿಗ್ಯಾರ ಕೆಲಸಾನೂ ಬರ್ತಿತ್ತು. ಸೊಂಟಕ್ಕೂ ನೆಟ್ಟಿಗೂ ನಡುವ ಒಂದು ಹತ್ತಿ ಬಟ್ಟಿ ಪಟ್ಟಿ ಇರ್ತೈತಿ, ಅದಕ್ಕ ಬಾಸ್ಕ್ ಅಂತಾರ. ಸೊಂಟದಿಂದ ಕೆಳಗ ಎಂಟು ಸೆಂ.ಮೀ. ಮೈಗೆ ಅಂಟಿದಂಗ ಕೂಡಬೇಕು. ನೆಟ್ಟು ಪೂರಾ ಈ ಪಟ್ಟಿ ಮ್ಯಾಲ ಹೊಲೀಬೇಕು. ಆವಾಗ ಸೊಂಟ ಸಣ್ಣಗ ಉಳೀತೈತಿ, ನೆರಿಗಿ ಕೆಳಗಿಂದ ಅರಳತೈತಿ.

ಪಾಪ್ಲಿನ್ ಇಲ್ಲಾ ಡ್ರಿಲ್ ತೊಗೊಳ್ರಿ, ಎಳದ್ರ ಹಿಗ್ಗೋ ಬಟ್ಟಿ ಬ್ಯಾಡ. ಡಬಲ್ ಮಾಡ್ರಿ. ಮ್ಯಾಲ 63, ಕೆಳಗ ಅಕಿ ಮೈ ಎಷ್ಟೈತಿ ಅಷ್ಟು, ಅಂದಾಜು 72 ಬರಬಹುದು. ಎರಡೂ ಬಾಜೂಕ್ ಹೊಲಿಗಿ ಕೊಟ್ಟು ಸೊಂಟದ ಕಡೆ ಸಣ್ಣ ಮಾಡ್ರಿ, ಹಿಂದ ಬಿಚ್ಚಲಿ. ಈಗ ಇದರ ಮ್ಯಾಲ ಪೆನ್ಸಿಲ್‌ಲೆ ಐದು ಗೆರಿ ಹಾಕ್ರಿ. ಮೊದಲನೇದು ಸೊಂಟದಿಂದ ಏಳೂವರೆ ಸೆಂ.ಮೀ. ಕೆಳಗ. ಅಲ್ಲಿಂದ ಮುಕ್ಕಾಲು ಸೆಂ.ಮೀ.ಗೆ ಒಂದೊಂದು ಮ್ಯಾಲ ಬರಲಿ. ಐದನೇದು ಸೊಂಟದಿಂದ ನಾಲ್ಕೂವರೆಗೆ ಬರ್ತೈತಿ. ಒಳಗಿನ ಪದರ ಎಲ್ಲಕ್ಕೂ ಕೆಳಗಿನ ಗೆರಿಗೆ, ಮೊದಲ ಅದನ್ನ ಹೊಲೀರಿ. ಹೊರಗಿಂದು ಕಡೀಕ. ಐದೂ ಒಂದ ಗೆರಿ ಮ್ಯಾಲ ಬಂದ್ರ ಮತ್ತ ಅದ ಗಂಟು.

ಪದರದ ಉದ್ದ ಒಳಗಿಂದ ಹೊರಗ: 60, 61.5, 63, 64.5, 66. ಹೊಲಿಗಿಗೆ ಒಂದು ಸೆಂ.ಮೀ. ಬ್ಯಾರೆ ಬಿಡ್ರಿ. ಹಿಂಗ ಮಾಡಿದ್ರ ಒಳಗಿನ ಅಂಚು ಹೊರಗಿಂದಕ್ಕಿಂತ ಮೂರು ಸೆಂ.ಮೀ. ಮ್ಯಾಲ ನಿಂದರತೈತಿ, ಇಣುಕಂಗಿಲ್ಲ. ನೆಟ್ಟಿಗೆ ಅಂಚು ಮಡಚೋದು ಬ್ಯಾಡ್ರಿ, ಅದು ಎಳಿ ಬಿಡಂಗಿಲ್ಲ. ಮಡಚಿದ್ರ ಭಾರ ಆಗಿ ಜೋತ ಬೀಳತೈತಿ.

ಸೂಜಿಮಲ್ಲಿಗೆ:
ಅಕ್ಕ, ಓದ್ತಾ ಓದ್ತಾ ಕಣ್ಣು ತೆರೆದ ಹಾಗಾಯ್ತು. ನಾಳೇನೇ ಬಿಚ್ಚೋಕೆ ಶುರು ಮಾಡ್ತೀನಿ. ಗಟ್ಟಿ ನೆಟ್ಟನ್ನೇ ಉಳಿಸ್ಕೋಬಹುದಾ?

ರಂಗದಹಿಂದೆ:
ಎಲ್ಲವನ್ನೂ ಉಳಿಸಿಕೊಳ್ಳಬೇಡಿ. ಒಂದು ಪದರ, ಹೆಚ್ಚೆಂದರೆ ಎರಡು ಒಳಗಿರಲಿ. ಅದು ಮೇಲಿನವನ್ನು ಎತ್ತಿ ಹಿಡಿಯುತ್ತದೆ. ಹೊರಗಿನ ಮೂರು ಪದರ ಮೆತ್ತನೆಯ ನೆಟ್ಟೇ ಆಗಬೇಕು. ನಾನು ಬೆಂಗಳೂರಿನಲ್ಲಿ ನಾಟಕ, ನೃತ್ಯಗಳ ವಸ್ತ್ರದ ಕೆಲಸ ಮಾಡುವವನು. ಬ್ಯಾಲೆಯದು ಕಡಿಮೆ, ಆದರೆ ಈ ಲಂಗದ ಮೇಲೆ ನನಗೆ ಮೊದಲಿನಿಂದಲೂ ಮೋಹವಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

1832ರ ಮಾರ್ಚ್ 12ರಂದು ಪ್ಯಾರಿಸ್ ಒಪೆರಾದಲ್ಲಿ ‘ಲಾ ಸಿಲ್ಫೀಡ್’ ಮೊದಲ ಸಲ ರಂಗಕ್ಕೆ ಬಂತು. ಮರಿ ತಾಲಿಯೋನಿ ಅದರಲ್ಲಿ ಗಾಳಿಯ ಕನ್ಯೆ. ಅವಳು ತೊಟ್ಟ ಬಿಳಿಯ, ತೆಳುವಾದ, ಗಂಟೆಯಾಕಾರದ ಲಂಗವೇ ಇವತ್ತಿನ ರೊಮ್ಯಾಂಟಿಕ್ ಟುಟುವಿನ ಮೂಲ. ಆ ಬ್ಯಾಲೆಯಲ್ಲಿ ತುದಿಗಾಲಿನ ಕುಣಿತ ಬರೀ ಕಸರತ್ತಾಗಿರದೆ ಭಾವ ಹೇಳುವ ಭಾಷೆಯಾಗಿತ್ತು. ಅಂಚು ಮೇಲೇರಿದ್ದರಿಂದ ಪಾದ ನೋಡುವವರಿಗೆ ಕಂಡಿತು. ಆ ಒಪೆರಾದಲ್ಲಿ 1822ರಿಂದಲೇ ಗ್ಯಾಸ್ ದೀಪವಿತ್ತು. ಆ ಮಂದ ಬೆಳಕು ತೆಳು ಬಿಳಿ ಬಟ್ಟೆಯ ಪದರಗಳ ಮೇಲೆ ಬಿದ್ದಾಗ ಹುಡುಗಿ ನೆಲ ಮುಟ್ಟಿದ್ದಾಳೋ ಇಲ್ಲವೋ ಅನ್ನಿಸಬೇಕು. ಒಂಬತ್ತು ವರ್ಷದ ನಂತರ, 1841ರ ಜೂನ್ 28ರಂದು, ಅದೇ ಒಪೆರಾದಲ್ಲಿ ‘ಜಿಸೆಲ್’ ಬಂತು. ನಿಮ್ಮ ಮಗಳು ತೊಡುವುದು ಆ ಸಾಲಿನ ಉಡುಪು.

ಅದಕ್ಕೇ ಗಟ್ಟಿ ನೆಟ್ಟು ಇಲ್ಲಿ ಕೆಲಸಕ್ಕೆ ಬಾರದು. ಗಟ್ಟಿ ನೆಟ್ಟು ಮೈ ನಿಂತ ಕ್ಷಣವೇ ನಿಲ್ಲುತ್ತದೆ. ಮೆತ್ತನೆಯದು ಮೈ ನಿಂತ ಮೇಲೂ ಅರೆಗಳಿಗೆ ತೇಲಿ ಆಮೇಲೆ ಇಳಿಯುತ್ತದೆ. ವಿಲಿಗಳು ಆತ್ಮಗಳು ಅಂತ ಪ್ರೇಕ್ಷಕ ನಂಬುವುದು ಆ ಅರೆಗಳಿಗೆಯಲ್ಲಿ.

ಇನ್ನೊಂದು ಮಾತು, ನೀವು ನಾಟಿಂಗ್‌ಹ್ಯಾಮ್‌ನಲ್ಲಿದ್ದೀರಿ ಅಂದದ್ದಕ್ಕೆ. ಯಂತ್ರದಲ್ಲಿ ಈ ಬಲೆಬಟ್ಟೆ ನೇಯುವ ವಿದ್ಯೆ ಬೆಳೆದದ್ದು ನಿಮ್ಮ ಸುತ್ತಿನಲ್ಲೇ. ಜಾನ್ ಹೀತ್‌ಕೋಟ್ ಎಂಬಾತ 1809ರಲ್ಲಿ ಬಾಬಿನ್ ನೆಟ್ ಯಂತ್ರಕ್ಕೆ ಪೇಟೆಂಟ್ ಪಡೆದ. ಪಕ್ಕದ ಲಫ್‌ಬರೋದಲ್ಲಿ ಅವನ ಕಾರ್ಖಾನೆ ಇತ್ತು. 1816ರಲ್ಲಿ ಒಂದು ರಾತ್ರಿ ಲಡೈಟರು, ಅಂದರೆ ಯಂತ್ರಗಳನ್ನು ವಿರೋಧಿಸುತ್ತಿದ್ದ ಕೆಲಸಗಾರರು, ನುಗ್ಗಿ ಐವತ್ತಕ್ಕೂ ಹೆಚ್ಚು ಯಂತ್ರಗಳನ್ನು ಒಡೆದು ಹಾಕಿದರು. ಆತ ಊರೇ ಬಿಟ್ಟು ಡೆವನ್‌ನ ಟಿವರ್ಟನ್‌ಗೆ ಹೋದ. ಅವನ ಯಂತ್ರ ಬರುವ ಮೊದಲು ಒಳ್ಳೆಯ ಬಲೆಬಟ್ಟೆ ಅಂದರೆ ಬಹುಮಟ್ಟಿಗೆ ಕೈಕೆಲಸ. ಮನೆಯಲ್ಲಿ ಕೂತು ನಾವು ಹತ್ತು ಮೀಟರ್ ನೆಟ್ಟನ್ನು ಧೈರ್ಯವಾಗಿ ಕತ್ತರಿಸುವುದು ಅಂಥ ಯಂತ್ರಗಳಿಂದಾಗಿಯೇ.

ಕುಡ್ಲದ ಕುವರಿ:
ಇಷ್ಟೆಲ್ಲ ಕಷ್ಟ ಬೇಕಾ ಮಾರಾಯ್ರೆ? ನಾನು ಮಗಳಿಗೆ ಅಗಲದ ಇಲಾಸ್ಟಿಕ್‌ಗೆ ಮೂರು ಪದರ ಮೆತ್ತನೆ ನೆಟ್ಟು ಹೊಲಿದು ಕೊಟ್ಟೆ. ಒಂದು ಮಧ್ಯಾಹ್ನದ ಕೆಲಸ, ಚೆಂದ ಉಂಟು. ಅವಳು ಎರಡು ವರ್ಷ ಹಾಕಿದ್ದಾಳೆ.

ಮತ್ತೆ ನೆರಿಗೆ ಹಿಡಿಯುವುದಕ್ಕೆ ಒಂದು ಉಪಾಯ ಉಂಟು. ಉದ್ದ ಹೊಲಿಗೆ ಹಾಕಿ ದಾರ ಎಳೆದರೆ ನಾಲ್ಕು ಮೀಟರ್ ಬರುವಾಗ ದಾರ ತುಂಡಾಗ್ತದೆ. ಅದರ ಬದಲು ಮೀನು ಹಿಡಿಯುವ ಗಾಳದ ನೈಲಾನ್ ದಾರ ನೆಟ್ಟಿನ ಮೇಲೆ ಇಟ್ಟು, ಅದರ ಆಚೆ ಈಚೆ ಬೀಳುವ ಹಾಗೆ ಜಿಗ್‌ಜ್ಯಾಗ್ ಹೊಲಿಗೆ ಹಾಕಿ. ಸೂಜಿ ಮಾತ್ರ ಆ ದಾರಕ್ಕೆ ಚುಚ್ಚಬಾರದು. ಆಮೇಲೆ ದಾರ ಎಳೆದರೆ ನೆಟ್ಟು ಬೆಣ್ಣೆಯ ಹಾಗೆ ಜಾರಿಕೊಂಡು ಬರ್ತದೆ.

ಧಾರವಾಡದಾಕಿ:
ಗಾಳದ ದಾರದ ಮಾತು ಬಂಗಾರದಂಥಾದ್ದು ಬಿಡ್ರಿ. ಇಲಾಸ್ಟಿಕ್ ಮಾತು ಮಾತ್ರ ನಾ ಒಪ್ಪಂಗಿಲ್ಲ. ಸಣ್ಣ ಕೂಸಿಗೆ, ಕ್ಲಾಸಿನ ಪ್ರಾಕ್ಟೀಸಿಗೆ ನಡೀತೈತಿ. ವಿಲಿಗಳು ಸಾಲಾಗಿ ಒಂದ ಕಾಲ ಹಿಂದಕ್ಕ ಎತ್ತಿ, ಇನ್ನೊಂದ ಕಾಲಮ್ಯಾಲ ಕುಪ್ಪಳಿಸಿಕೋತ ಎದುರುಬದುರು ದಾಟ್ತಾರಲ್ಲ, ಆವಾಗ ಇಲಾಸ್ಟಿಕ್ ತಿರಗತೈತಿ, ಹಿಂದಿಂದ ಮ್ಯಾಲ ಜಗ್ಗತೈತಿ. ಒಬ್ಬಾಕಿ ಅಂಚು ನಾಕು ಬೆರಳ ಮ್ಯಾಲ ಹೋದ್ರ ಇಡೀ ಸಾಲು ಕೆಡತೈತಿ. ಬಾಸ್ಕ್ ಮೈಯಿಂದ ಅಲ್ಲಾಡಂಗಿಲ್ಲ.

ಕುಡ್ಲದ ಕುವರಿ:
ಹೌದು, ನನ್ನವಳು ಸಾಲಿನಲ್ಲಿ ಕುಣಿದಿಲ್ಲ, ಒಬ್ಬಳೇ ಕುಣಿದದ್ದು. ಸಾಲಿನ ವಿಷಯ ನನಗೆ ಹೊಳೆದಿರಲಿಲ್ಲ.

ಮಲ್ಲೇಶ್ವರದಮ್ಮ:
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ಮಗಳೂ ಇಲ್ಲಿ ಬೆಂಗಳೂರಲ್ಲಿ ಬ್ಯಾಲೆ ಕಲೀತಿದ್ದಾಳೆ, ಹತ್ತು ವರ್ಷ. ಇಂಥ ನೆಟ್ಟು ಚಿಕ್ಕಪೇಟೆ ಕಡೆ ಸಿಗುತ್ತಾ? ಏನಂತ ಕೇಳಬೇಕು? ಟುಟು ನೆಟ್ಟು ಅಂದ್ರೆ ಅಂಗಡಿಯವರು ಮುಖ ಮುಖ ನೋಡ್ತಾರೆ.

ರಂಗದಹಿಂದೆ:
ಸಿಗುತ್ತದೆ. ‘ಕ್ಯಾನ್‌ಕ್ಯಾನ್’ ಅಂದರೆ ಲೆಹೆಂಗಾದ ಒಳಗೆ ಹಾಕುವ ಗಟ್ಟಿ ನೆಟ್ಟು ಕೊಡುತ್ತಾರೆ, ಅದು ನಿಮ್ಮ ಒಳಪದರ. ‘ಸಾಫ್ಟ್ ನೆಟ್’ ಅಂತ ಬೇರೆ ಕೇಳಿ. ಕೈಯಲ್ಲಿ ಒಂದು ಹಿಡಿ ಮುದುರಿ ಬಿಡಿ. ತಕ್ಷಣ ಸಿಡಿದು ನಿಂತರೆ ಅತಿ ಗಟ್ಟಿ. ಒದ್ದೆ ಬಟ್ಟೆಯ ಹಾಗೆ ಮುದುರಿಕೊಂಡೇ ಬಿದ್ದರೆ ಅತಿ ಮೆತ್ತಗೆ, ಅದು ದುಪ್ಪಟ್ಟಾಕ್ಕೆ ಸರಿ. ನಿಧಾನವಾಗಿ ಬಿಚ್ಚಿಕೊಂಡರೆ ಅದೇ ಬೇಕಾದದ್ದು.

ಬಣ್ಣವನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನಿರ್ಧರಿಸಬೇಡಿ, ಬಾಗಿಲ ಹೊರಗೆ ತಂದು ನೋಡಿ. ನೀಲಿ ಹೊಡೆದ ಬಿಳಿ ರಂಗದ ದೀಪಕ್ಕೆ ಕಣ್ಣು ಚುಚ್ಚುತ್ತದೆ. ಹಾಲಿನ ಬಿಳಿ ತೆಗೆದುಕೊಳ್ಳಿ.

ಸೂಜಿಮಲ್ಲಿಗೆ:
ಹತ್ತು ದಿನ ಆದ್ಮೇಲೆ ಬರ್ತಿದ್ದೀನಿ. ಒಂದೂವರೆ ಮೀಟರ್ ಪನ್ನದ, ಅಂದ್ರೆ ಅಗಲದ, ಮೆತ್ತನೆ ನೆಟ್ಟು ಸಿಕ್ತು. ಲೆಕ್ಕ ಹೇಳ್ತೀನಿ, ಬೇರೆಯವರಿಗೂ ಬೇಕಾಗಬಹುದು. ಒಂದು ಪದರಕ್ಕೆ ಮೂರು ತುಂಡು, ಅಂದ್ರೆ ನಾಲ್ಕೂವರೆ ಮೀಟರ್ ಸುತ್ತು. ಐದು ಪದರಕ್ಕೆ ಹದಿನೈದು ತುಂಡು, ಸರಾಸರಿ 64 ಸೆಂ.ಮೀ. ಉದ್ದ. ಐದೂ ಹೊಸದಾಗಿ ತಗೊಂಡ್ರೆ 9.6 ಮೀಟರ್. ನನ್ನ ಹತ್ರ ಹಳೇದರಿಂದ ಎರಡು ಪದರ ಬಂತು, ಆರು ಮೀಟರ್‌ನಲ್ಲಿ ಮುಗೀತು.

ಬಾಸ್ಕ್ ಮೂರು ಸಲ ಮಾಡಿದೆ. ಮೊದಲನೇದು ಕೂತರೆ ಬಿಗೀತಿತ್ತು. ಎರಡನೇದು ಕೈ ಎತ್ತಿದ್ರೆ ಮೇಲೆ ಜಾರ್ತಿತ್ತು. ಮೂರನೇದಕ್ಕೆ ಅವಳನ್ನ ನಿಲ್ಲಿಸಿ, ಬಾಗಿಸಿ, ಕಾಲು ಹಿಂದಕ್ಕೆ ಎತ್ತಿಸಿ, ಮೈಮೇಲೇ ಗುಂಡುಪಿನ್ನು ಹಾಕಿದೆ. ಆಮೇಲೆ ಬಾಸ್ಕನ್ನ ಎಂಟು ಭಾಗ ಮಾಡಿ ಕೆಂಪು ದಾರದಲ್ಲಿ ಗುರುತು ಹಾಕ್ದೆ. ಪ್ರತಿ ಪದರದ ನೆಟ್ಟಿಗೂ ಎಂಟು ಕೆಂಪು ಗುರುತು. ಕೆಂಪಿಗೆ ಕೆಂಪು ಸೇರಿಸಿ ಪಿನ್ನು, ಅದರ ನಡುವೆ ಮಾತ್ರ ನೆರಿಗೆ ಹಂಚೋದು. ಒಂದು ಭಾಗಕ್ಕೆ 56 ಸೆಂ.ಮೀ. ನೆಟ್ಟು ಒಂಬತ್ತು ಸೆಂ.ಮೀ. ಒಳಗೆ ಕೂರಬೇಕು. ಬೆರಳ ತುದೀಲಿ ತಳ್ಳಿ ತಳ್ಳಿ ಕೂರಿಸಿದೆ. ಒಂದು ಪದರಕ್ಕೆ ಒಂದು ಸಂಜೆ.

ನಾಲ್ಕನೇ ಪದರ ಆಗ್ತಿದ್ದಂಗೆ ಮಷೀನಿನ ಕೆಳಗೆ ಇಡೀ ಮೋಡವೇ ತುಂಬ್ಕೊಂಡಂಗೆ. ಹೊಲಿದ ಪದರಗಳನ್ನ ಹಳೇ ದಿಂಬಿನ ಕವರಿಗೆ ತುಂಬಿ ಬಾಯಿಗೆ ಪಿನ್ನು ಹಾಕಿದ್ಮೇಲೆ ಕೈಗೆ ಬಾಸ್ಕ್ ಒಂದೇ ಸಿಗೋ ಹಾಗಾಯ್ತು.

ನಿನ್ನೆ ರಾತ್ರಿ ಹಾಕಿಸಿದೆ. ಅವಳು ಕನ್ನಡಿ ಮುಂದೆ ಒಂದು ಸುತ್ತು ತಿರುಗಿ ನಿಂತಳು. ನೆಟ್ಟು ಇನ್ನೂ ತಿರುಗ್ತಾನೇ ಇತ್ತು. “ಅಮ್ಮಾ, ಇದು ಆಮೇಲೆ ಬರುತ್ತೆ” ಅಂದಳು. ಆಮೇಲೆ ಹಾಗೇ ದೇವರ ಮುಂದೆ ಹೋಗಿ ಕೈ ಮುಗಿದಳು. ದೀಪದ ಬೆಳಕಲ್ಲಿ ಎಷ್ಟು ಚೆಂದ ಕಾಣ್ತಿದ್ದಳು ಅಂದ್ರೆ, ಫೋಟೋ ತೆಗೆದಿಟ್ಟಿದ್ದೀನಿ.

ರಂಗದಹಿಂದೆ:
ದಯವಿಟ್ಟು ಮತ್ತೊಮ್ಮೆ ಆ ಉಡುಪಿನಲ್ಲಿ ದೀಪದ ಹತ್ತಿರ ಬಿಡಬೇಡಿ. ಸಂತೋಷದ ನಡುವೆ ಇದನ್ನು ಹೇಳಲೇಬೇಕಾಗಿದೆ. ಎಮ್ಮಾ ಲಿವ್ರಿ ಎಂಬ ಹುಡುಗಿ ತಾಲಿಯೋನಿಯ ಶಿಷ್ಯೆ. 1862ರ ನವೆಂಬರ್ 15ರಂದು ಪ್ಯಾರಿಸ್ ಒಪೆರಾದಲ್ಲಿ ತಾಲೀಮು ನಡೆಯುವಾಗ ಗ್ಯಾಸ್ ದೀಪದಿಂದ ಅವಳ ಲಂಗಕ್ಕೆ ಬೆಂಕಿ ಹತ್ತಿತು. ಬೆಂಕಿ ತಡೆಯುವ ದ್ರಾವಣದಲ್ಲಿ ಅದ್ದಿದ ಲಂಗ ಆಗಲೇ ಇತ್ತು. ಆದರೆ ಅದು ಮಾಸಿದ ಹಾಗೆ, ಬಿರುಸಾಗಿ ಕಾಣುತ್ತದೆ ಎಂದು ಅವಳು ತೊಡಲು ಒಪ್ಪಿರಲಿಲ್ಲ. ಎಂಟು ತಿಂಗಳು ನರಳಿ 1863ರ ಜುಲೈ 26ರಂದು ತೀರಿಕೊಂಡಳು. ಇಪ್ಪತ್ತೇ ವರ್ಷ. ಸುಟ್ಟುಳಿದ ಆ ಉಡುಪಿನ ಚೂರುಗಳನ್ನು ಒಪೆರಾದ ಗ್ರಂಥಾಲಯ-ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ನಮ್ಮದು ನೈಲಾನ್ ನೆಟ್ಟು. ಅದು ಕರಗಿ ಮೈಗೆ ಅಂಟುತ್ತದೆ. ಪದರಗಳ ನಡುವೆ ಗಾಳಿ ತುಂಬಿರುವುದರಿಂದ ಒಂದು ಕಿಡಿ ಸಾಕು. ಲಂಗ ಎಲ್ಲಿಯವರೆಗೆ ಹರಡಿದೆ ಅನ್ನುವುದು ತೊಟ್ಟವರಿಗೆ ಗೊತ್ತಾಗುವುದಿಲ್ಲ. ದೀಪ, ಊದುಬತ್ತಿ, ಗ್ಯಾಸ್ ಒಲೆ, ರೂಮ್ ಹೀಟರ್ ಎಲ್ಲವೂ ದೂರ.

ಸೂಜಿಮಲ್ಲಿಗೆ:
ಕೈಕಾಲು ತಣ್ಣಗಾಯ್ತು. ನಮ್ಮ ದೇವರ ಮೂಲೆ ನೆಲಮಟ್ಟದಲ್ಲೇ ಇದೆ. ಇನ್ನು ಹಾಗೆ ಮಾಡಲ್ಲ. ಮಗಳಿಗೂ ಓದಿ ಹೇಳಿದೆ. ಎಮ್ಮಾ ವಯಸ್ಸು ಎಷ್ಟು ಅಂತ ಎರಡು ಸಲ ಕೇಳಿದಳು.

ಕುಡ್ಲದ ಕುವರಿ:
ಒಳ್ಳೆದಾಯ್ತು ಹೇಳಿದ್ದು. ನನ್ನವಳ ಫ್ರಾಕು ಕೂಡ ನೆಟ್ಟಿನದ್ದೇ, ಹುಟ್ಟುಹಬ್ಬಕ್ಕೆ ಮೇಣದಬತ್ತಿ ಊದುವಾಗ ಇನ್ನು ಜಾಗ್ರತೆ ಮಾಡ್ತೇನೆ. ಸೂಜಿಮಲ್ಲಿಗೆಯವರೇ, ಮೇಲಿನ ಭಾಗಕ್ಕೆ ಏನು ಮಾಡಿದ್ರಿ?

ಸೂಜಿಮಲ್ಲಿಗೆ:
ಬಿಳಿ ಸ್ಯಾಟಿನ್, ಒಳಗೆ ಕಾಟನ್ ಲೈನಿಂಗ್. ಅಮ್ಮನ ಪ್ರಿನ್ಸೆಸ್ ಕಟ್ ರವಿಕೆಯ ಲೆಕ್ಕದಲ್ಲೇ ಕತ್ತರಿಸಿದೆ, ಮುಂದೆ ಕೆಳಗಡೆ ಮಾತ್ರ ಸಣ್ಣ ಮೂತಿ ಬಿಟ್ಟೆ. ಕೈ ತಲೆ ಮೇಲೆ ಎತ್ತಿದಾಗ ಎದೆಭಾಗ ಮೇಲೆ ಬರ್ತಿತ್ತು. ಬಾಸ್ಕಿಗೆ ಸುತ್ತ ಪೂರ್ತಿ ಹೊಲಿಯೋದು ಬಿಟ್ಟು ಆರು ಕಡೆ ಮಾತ್ರ ಕೈಹೊಲಿಗೆ ಹಾಕಿ ಸೇರಿಸಿದೆ, ಸರಿಹೋಯ್ತು. ಹಿಂದೆ ಜಿಪ್ ಹಾಕ್ಲಾ, ಹುಕ್ಕಾ?

ಧಾರವಾಡದಾಕಿ:
ಹುಕ್ಕ ಹಾಕ್ರಿ. ರಂಗದ ಬಾಜೂಕ ನಿಂತಾಗ ಜಿಪ್ ಕೈಕೊಟ್ರ ದಾರಿ ಇಲ್ಲ. ಒಂದು ಹುಕ್ಕ ಹೋದ್ರ ಉಳದವು ಹಿಡೀತಾವ. ಕೊಂಡಿ ಎರಡು ಸಾಲು ಕೊಡ್ರಿ, ನಡುವ ಎರಡೂವರೆ ಸೆಂ.ಮೀ. ಬಿಟ್ಟು. ಹದಿಮೂರರ ಹುಡುಗಿ, ಬರೋ ವರ್ಷ ಹೊರಗಿನ ಸಾಲು ಬೇಕಾಗತೈತಿ.

ಅಂಚು ಈಗ ಸಮ ಮಾಡಬ್ಯಾಡ್ರಿ. ಎರಡು ದಿನ ನೇತು ಹಾಕ್ರಿ, ಜೋತು ಬೀಳೋದೆಲ್ಲ ಬೀಳಲಿ. ಆಮ್ಯಾಲ ಅಕಿನ್ನ ಬ್ಯಾಲೆ ಶೂ ಹಾಕಿಸಿ ಟೇಬಲ್ ಮ್ಯಾಲ ನಿಲ್ಲಿಸ್ರಿ. ನಿಮ್ಮ ಕಣ್ಣಿಗೆ ಅಂಚು ನೇರ ಬರಬೇಕು. ಅಡಿಕೋಲು ಟೇಬಲ್ ಮ್ಯಾಲ ನಿಲ್ಲಿಸಿ ಸುತ್ತ ಒಂದ ಎತ್ತರಕ್ಕ ಗುರುತು ಮಾಡ್ರಿ. ಅಕಿ ತಿರಗಬಾರದು, ನೀವು ಸುತ್ತ ಬರ್ರಿ.

ಸೂಜಿಮಲ್ಲಿಗೆ:
ಕಾರ್ಯಕ್ರಮ ಶನಿವಾರ ಆಯ್ತು. ಅಂಚು ಪಾದದಿಂದ 28 ಸೆಂ.ಮೀ. ಎತ್ತರಕ್ಕೆ ಸಮ ಮಾಡಿದ್ದೆ. ಹನ್ನೆರಡು ಹುಡುಗಿಯರು, ಒಬ್ಬೊಬ್ಬರ ಉಡುಪು ಒಂದೊಂದು ಕಡೆಯಿಂದ ಬಂದದ್ದು. ನೀಲಿ ಬೆಳಕು ಬಿದ್ದು ಎರಡು ಸಾಲು ಎದುರುಬದುರು ದಾಟುವಾಗ ಯಾವುದು ನಾನು ಹೊಲಿದದ್ದು ಅಂತ ನನಗೇ ಗೊತ್ತಾಗಲಿಲ್ಲ. ಕಾಲು ಎತ್ತಿದಾಗ ಹಿಂದಿನ ನೆಟ್ಟು ಬಿಚ್ಚಿಕೊಳ್ತು, ಮುಂದೆ ಒಂದು ಚೂರೂ ಜಗ್ಗಲಿಲ್ಲ. ಕೊನೇಲಿ ಎಲ್ಲರೂ ಒಟ್ಟಿಗೆ ನಿಂತರು. ಹನ್ನೆರಡು ಲಂಗಗಳು ಆಮೇಲೆ ನಿಂತವು.

ಧಾರವಾಡದಕ್ಕ, ಅಮ್ಮನಿಗೆ ಫೋನ್ ಮಾಡಿ ನಿಮ್ಮ ಬಗ್ಗೆ ಹೇಳಿದೆ. ಬಾಸ್ಕ್ ಅಂದ್ರೆ ಏನು ಅಂತ ಬಿಡಿಸಿ ಬಿಡಿಸಿ ಕೇಳಿದ್ರು. ಈಗ ಇದನ್ನ ಹೇಗೆ ಇಡೋದು? ಬೀರುವಿನಲ್ಲಿ ಮಡಚಿಟ್ರೆ ಹಾಳಾಗುತ್ತೆ ಅನ್ಸುತ್ತೆ. ಬೆವರು ವಾಸನೆ ಬೇರೆ ಇದೆ.

ರಂಗದಹಿಂದೆ:
ತಲೆಕೆಳಗಾಗಿ ನೇತು ಹಾಕಿ, ಬಾಸ್ಕ್ ಕೆಳಗೆ, ನೆಟ್ಟಿನ ಅಂಚು ಮೇಲೆ. ಒಳಚಡ್ಡಿ ಸೇರಿಸಿ ಹೊಲಿದಿದ್ದರೆ ಅದರ ನಡುವಿಗೆ ಒಂದು ಕುಣಿಕೆ ಕೊಟ್ಟು ಅಲ್ಲಿಂದಲೇ ತೂಗಬಹುದು. ನೆಟ್ಟು ತನ್ನ ಭಾರಕ್ಕೆ ಹಿಂದಕ್ಕೆ ಬಿದ್ದು ನೆರಿಗೆ ಎದ್ದು ನಿಲ್ಲುತ್ತದೆ. ಮೇಲೆ ಹಳೆಯ ಪಂಚೆ ಹೊದಿಸಿ, ಪ್ಲಾಸ್ಟಿಕ್ ಬೇಡ.

ತೊಳೆಯಬೇಡಿ. ಎದೆಭಾಗವನ್ನು ಒಳಮಗ್ಗುಲು ತಿರುಗಿಸಿ ಫ್ಯಾನ್ ಗಾಳಿಗೆ ಒಣಗಿಸಿ. ರಂಗಭೂಮಿಯ ವಸ್ತ್ರವಿಭಾಗಗಳಲ್ಲಿ ವೋಡ್ಕಾಗೆ ನೀರು ಬೆರೆಸಿ ಲೈನಿಂಗಿಗೆ ಸ್ಪ್ರೇ ಮಾಡುವ ರೂಢಿಯಿದೆ, ವಾಸನೆ ಹೋಗುತ್ತದೆ. ಸ್ಯಾಟಿನ್ ಮೇಲೆ ಬೀಳದಂತೆ, ಮೊದಲು ಮೂಲೆಯಲ್ಲಿ ಪರೀಕ್ಷಿಸಿ.

ಮಲ್ಲೇಶ್ವರದಮ್ಮ:
ನಾನೂ ನಿನ್ನೆ ಚಿಕ್ಕಪೇಟೆಗೆ ಹೋಗಿ ಬಂದೆ. ಮುದುರಿ ಬಿಟ್ಟು ನೋಡಿದೆ, ನಾಲ್ಕನೇ ಅಂಗಡೀಲಿ ನಿಧಾನವಾಗಿ ಬಿಚ್ಚಿಕೊಳ್ಳೋದು ಸಿಕ್ತು. ಹಾಲಿನ ಬಿಳಿ, ಎಂಟು ಮೀಟರ್. ಕತ್ತರಿ ಕೈಲಿ ಹಿಡ್ಕೊಂಡು ಕೂತಿದ್ದೀನಿ, ಧೈರ್ಯ ಬರ್ತಿಲ್ಲ. ಉದ್ದಕ್ಕೆ ಕತ್ತರಿಸ್ಲಾ, ಅಡ್ಡಕ್ಕೆ ಕತ್ತರಿಸ್ಲಾ?

ಧಾರವಾಡದಾಕಿ:
ತಂಗಿ, ಮೊದಲ ಎರಡೂ ಕಡೆ ಎಳದು ನೋಡ್ರಿ. ಯಾವ ಕಡೆ ಕಡಿಮಿ ಹಿಗ್ಗತೈತಿ, ಆ ಕಡೆ ಸೊಂಟದಿಂದ ಕಾಲಿಗೆ ಬರಬೇಕು. ಇಲ್ಲಾಂದ್ರ ಜೋತು ಬೀಳತೈತಿ. ನಾಲ್ಕು ಮಡಿಕಿಗಿಂತ ಜಾಸ್ತಿ ಮಡಚಿ ಕತ್ತರಸಬ್ಯಾಡ್ರಿ, ಒಳಗಿಂದು ಜಾರತೈತಿ. ಮೊದಲನೇ ಪದರ ಆದಮ್ಯಾಲ ಬಂದು ಹೇಳ್ರಿ.